ಮಗಳ ಬೇಸಿಗೆ ಶಿಬಿರ, ಅಪ್ಪನ ಪ್ರಾಂಪ್ಟಿಂಗು

ಕೆಲವರಿಗೆ ಗೋಡೆಯ ಮೇಲೆ ಸೊಟ್ಟಗೆ ತೂಗುವ ಫೋಟೋ ಕಂಡರೆ, ಅದು ಯಾರ ಮನೆಯ ಗೋಡೆಯೇ ಆಗಿರಲಿ, ನೆಟ್ಟಗೆ ಮಾಡುವವರೆಗೆ ಕುಡಿದ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಇನ್ನು ಕೆಲವರಿಗೆ ಪಕ್ಕದವರ ಕೈಯಲ್ಲಿರುವ ಪೇಪರು ತಮ್ಮ ಕೈಯಲ್ಲಿರುವುದಕ್ಕಿಂತ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ. ನನ್ನ ಕಾಯಿಲೆ ಬೇರೆ. ಯಾರಾದರೂ ಮಾತಾಡುತ್ತಾ ನಡುವೆ ನಿಂತರೆ ಮುಂದಿನ ಪದವನ್ನು ನಾನು ಹೇಳಿಬಿಡುತ್ತೇನೆ. ಅವರು ಪದ ಮರೆತೇ ಇರಬೇಕೆಂದೇನಿಲ್ಲ. ಬಾಯಲ್ಲಿರುವ ಎಲೆಯಡಿಕೆ ಸರಿಮಾಡಿಕೊಳ್ಳಲು ನಿಂತಿರಬಹುದು, ಸೀನು ಬರುವ ಹಾಗಿರಬಹುದು, ಅಥವಾ ಯೋಚನೆ ಮಾಡಿ ಮಾತಾಡುವ ಅಪರೂಪದ ಅಭ್ಯಾಸ ಅವರಿಗಿರಬಹುದು. ನನಗೆ ಅದರ ವಿಚಾರಣೆ ಬೇಡ. ಮಾತು ನಿಂತಿತೆಂದರೆ ನನ್ನ ನಾಲಿಗೆ ತಾನಾಗಿಯೇ ಎದ್ದು ನಿಲ್ಲುತ್ತದೆ.

ಇದು ಹುಟ್ಟಿನಿಂದ ಬಂದ ಚಾಳಿಯಲ್ಲ, ಮಾಡಿದ ಸೇವೆಯ ಫಲ. ನಾನು ಕೆಲಸ ಮಾಡುತ್ತಿದ್ದದ್ದು ಹೊಸ ತಿಪ್ಪಸಂದ್ರದ ನಮ್ಮ ಮನೆಯಿಂದ ಸೈಕಲ್ ತುಳಿಯುವಷ್ಟು ದೂರದಲ್ಲಿದ್ದ ಒಂದು ಸರ್ಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿ. ಅಲ್ಲಿ ನಮ್ಮದೊಂದು ಕನ್ನಡ ಸಂಘ. ಪ್ರತಿ ನವೆಂಬರಿನಲ್ಲಿ ಧ್ವಜ, ಭಾಷಣ, ಲಾಡು, ಕೊನೆಗೊಂದು ನಾಟಕ. ನಾಯಕನ ಪಾತ್ರ ಯೂನಿಯನ್ನಿನಲ್ಲಿ ಯಾರ ಕೈ ಮೇಲಿರುತ್ತಿತ್ತೋ ಅವರಿಗೆ ಮೀಸಲು. ನಾಯಕಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯೊಬ್ಬರನ್ನು ಕರೆಸುತ್ತಿದ್ದೆವು. ಇಡೀ ತಂಡದಲ್ಲಿ ಮಾತು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದವರು ಆಕೆ ಒಬ್ಬರೇ. ಮಿಕ್ಕವರಿಗೆಲ್ಲ ನಾನಿದ್ದೆನಲ್ಲ! ನನ್ನ ಮುಖ ನೋಡಿ ಪಾತ್ರ ಕೊಡುವ ಧೈರ್ಯ ಯಾವ ನಿರ್ದೇಶಕನಿಗೂ ಬಂದಿರಲಿಲ್ಲ. ದನಿ ಕೇಳಿ, ನಟರು ಮರೆತ ಮಾತನ್ನು ಮರೆಯಿಂದ ಪಿಸುಗುಟ್ಟುವ ಪ್ರಾಂಪ್ಟರ್ ಮಾಡಿದರು. ಸೈಡ್ ವಿಂಗಿನಲ್ಲಿ ಒಂದು ಸ್ಟೂಲು, ಕೈಯಲ್ಲಿ ನಾಟಕದ ಪುಸ್ತಕ, ತಲೆಯ ಮೇಲೊಂದು ಬಲ್ಬು. ನನ್ನ ಪಿಸುಮಾತು ಕೊನೆಯ ಸಾಲಿಗೆ ಸ್ಪಷ್ಟವಾಗಿ ಕೇಳುತ್ತದೆಂದು ಹೆಸರಾಗಿತ್ತು. ಪ್ರೇಕ್ಷಕರು ಮೊದಲು ನನ್ನಿಂದ ಸಂಭಾಷಣೆ ಕೇಳಿಸಿಕೊಂಡು, ಆಮೇಲೆ ನಾಯಕ ಅದನ್ನು ಸರಿಯಾಗಿ ಒಪ್ಪಿಸುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದರು.

ನಮ್ಮ ರಾಜನ ಪಾತ್ರಧಾರಿ ಫೌಂಡ್ರಿಯ ಮರಿಯಪ್ಪನಂತೂ ನನ್ನನ್ನು ಪೂರಾ ನಂಬಿದ್ದ. ಏನು ಕಿವಿಗೆ ಬಿತ್ತೋ ಅದನ್ನು ಗದ್ದುಗೆಯಿಂದ ಗರ್ಜಿಸುವುದಷ್ಟೇ ಅವನ ಕೆಲಸ. ಒಂದು ವರ್ಷ ರಾಣಿಯ ವಿರಹದ ದೃಶ್ಯದಲ್ಲಿ ನನ್ನ ಕುತ್ತಿಗೆಗೆ ಸೊಳ್ಳೆ ಕಚ್ಚಿತು. "ಥತ್ತೇರಿ" ಎಂದೆ. ರಾಜ ರಾಣಿಯ ಗಲ್ಲ ಹಿಡಿದೆತ್ತಿ, ಕಣ್ಣಲ್ಲಿ ಕಣ್ಣಿಟ್ಟು, "ಥತ್ತೇರಿ" ಎಂದ. ಆ ವರ್ಷ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ. ಆದರೆ ಚಪ್ಪಾಳೆ ಮರಿಯಪ್ಪನಿಗೆ ಹೋಯಿತು. ಪ್ರಾಂಪ್ಟರಿಗೆ ಚಪ್ಪಾಳೆ ಬಿದ್ದ ಉದಾಹರಣೆ ನಾನಂತೂ ಕೇಳಿಲ್ಲ.

ಇಂಥ ಸೇವೆ ವರ್ಷಗಟ್ಟಲೆ ಮಾಡಿದವನು ನವೆಂಬರ್ ಮುಗಿದ ಕೂಡಲೇ ನಾಲಿಗೆಯನ್ನು ಪುಸ್ತಕದ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಲು ಆಗುತ್ತದೆಯೇ? ಒಮ್ಮೆ ನಮ್ಮ ಸೆಕ್ಷನ್ನಿನಲ್ಲಿ ಒಬ್ಬರು ತೀರಿಕೊಂಡು ಸಂತಾಪ ಸಭೆ ನಡೆಯಿತು. ಸಾಹೇಬರು ಎದ್ದು "ಅವರು ಒಬ್ಬ ಅಪರೂಪದ..." ಎಂದು ಗದ್ಗದಿತರಾಗಿ ನಿಂತರು. "ಗುಮಾಸ್ತ" ಎಂದೆ. ಮದುವೆ ಮನೆಗಳಲ್ಲಿ ಗಂಡಿನ ಬಾಯಲ್ಲಿ ಹೆಣ್ಣಿನ ಹೆಸರು ಹೇಳಿಸುವ ಶಾಸ್ತ್ರವಿದೆಯಲ್ಲ, ಹುಡುಗ ನಾಚಿಕೊಂಡು ತಡವರಿಸಬೇಕು, ಸುತ್ತ ನಿಂತ ಹೆಂಗಸರು ನಗಬೇಕು, ಅದೇ ಅದರ ಸೊಗಸು. ನನ್ನ ಸೋದರಳಿಯನ ಮದುವೆಯಲ್ಲಿ ಅವನು ತಡವರಿಸಲು ಇನ್ನೂ ಸಿದ್ಧನಾಗುತ್ತಿದ್ದ, ಅಷ್ಟರಲ್ಲಿ ಛತ್ರಕ್ಕೆಲ್ಲ ಕೇಳುವ ಹಾಗೆ ಹುಡುಗಿಯ ಹೆಸರು ನನ್ನ ಬಾಯಿಂದ ಬಂದುಬಿಟ್ಟಿತ್ತು. ಹೆಣ್ಣಿನ ಕಡೆಯವರು ಆಮೇಲೆ ನನ್ನನ್ನು ಊಟದ ಮೊದಲ ಪಂಕ್ತಿಯಲ್ಲೇ ಕೂರಿಸಿ ಬೇಗ ಕಳಿಸಿಕೊಟ್ಟರು. ನನ್ನ ಹೆಂಡತಿ ವಸಂತಾ ಮಾತ್ರ ಇದಕ್ಕೆ ಮದುವೆಯಾದ ಹೊಸದರಲ್ಲೇ ಉಪಾಯ ಕಂಡುಕೊಂಡಳು. ಮಾತಿನ ನಡುವೆ ನಿಲ್ಲುವುದನ್ನೇ ಬಿಟ್ಟುಬಿಟ್ಟಳು.

ಕಷ್ಟಕ್ಕೆ ಸಿಕ್ಕಿಕೊಂಡವಳು ನಮ್ಮ ಮಗಳು ಅಶ್ವಿನಿ. ಅವಳದು ನಿಧಾನದ ಮಾತು. ಒಂದು ವಾಕ್ಯ ಶುರು ಮಾಡಿದರೆ ಅರ್ಧ ದಾರಿಯಲ್ಲಿ ನಿಂತು, ಮುಂದಿನದನ್ನು ಆರಿಸಿ, ಒರೆಸಿ, ಆಮೇಲೆ ಇಡುವ ಜಾತಿ. ನಮ್ಮ ಮನೆಯಲ್ಲಿ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಮನೆಗೆ ಯಾರಾದರೂ ಬಂದು "ಏನಮ್ಮಾ, ಯಾವ ಕ್ಲಾಸು?" ಎಂದರೆ "ಒಂಬತ್ತು" ಎಂದು ನಾನು. "ಯಾವ ಸಬ್ಜೆಕ್ಟ್ ಇಷ್ಟ?" ಎಂದರೆ "ಗಣಿತ" ಎಂದೂ ನಾನೇ. ಅವಳು ಬಾಯಿ ಅರ್ಧ ತೆರೆದು ನಿಂತಿದ್ದು, ಬಂದವರು ಹೋದ ಮೇಲೆ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. "ನಿಮ್ಮ ಮಗಳು ಬಹಳ ಸೈಲೆಂಟು" ಎಂದು ಎಲ್ಲರೂ ಹೇಳುತ್ತಿದ್ದರು. "ಹೌದ್ರೀ, ಯಾರ ಥರಾನೋ" ಎಂದು ನಾನೂ ಆಶ್ಚರ್ಯಪಡುತ್ತಿದ್ದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಬೇಸಿಗೆ ಶಿಬಿರಗಳ ಸುಗ್ಗಿ ಆಗಷ್ಟೇ ಶುರುವಾಗಿತ್ತು. ಪರೀಕ್ಷೆ ಮುಗಿದ ಮಕ್ಕಳು ಮನೆಯಲ್ಲಿ ಸುಮ್ಮನೆ ಮಲಗಿದ್ದರೆ ತಂದೆತಾಯಿಗೆ ಏನೋ ನಷ್ಟವಾಗುತ್ತಿದೆ ಎನ್ನಿಸುತ್ತಿದ್ದ ಕಾಲ. ಬೆಳಗಿನ ಪೇಪರು ಬಿಚ್ಚಿದರೆ ಒಳಗಿಂದ ಬಣ್ಣಬಣ್ಣದ ಕರಪತ್ರಗಳು ಉದುರುತ್ತಿದ್ದವು: ವೇದಗಣಿತ, ಕೈಬರಹ ಸುಧಾರಣೆ, ವ್ಯಕ್ತಿತ್ವ ವಿಕಸನ, ಥರ್ಮೋಕೋಲಿನಲ್ಲಿ ತಾಜಮಹಲ್. ನಾನು ಅಶ್ವಿನಿಗೆಂದು ಇಂದಿರಾನಗರದ ಒಂದು ಕಂಪ್ಯೂಟರ್ ಕ್ಲಾಸ್ ನೋಡಿಟ್ಟಿದ್ದೆ. ಅಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ದೇವಸ್ಥಾನದಷ್ಟೇ ಮಡಿ, ಜೊತೆಗೆ ಏಸಿ. ಆದರೆ ಒಂದು ಬೆಳಿಗ್ಗೆ ನಾನು ಬಚ್ಚಲಲ್ಲಿದ್ದಾಗ ಅಶ್ವಿನಿ ಅಡುಗೆಮನೆಯಲ್ಲಿ ಅವಳಮ್ಮನಿಗೆ, "ಅಮ್ಮಾ, ನಾನು ಈ ಸಲ... ಬೆನ್ಸನ್ ಟೌನಿನ ನಾಟಕದ ಕ್ಯಾಂಪಿಗೆ ಹೋಗ್ತೀನಿ" ಎಂದಳು. ತಲೆಗೆ ನೀರು ಹಾಕಿಕೊಳ್ಳುತ್ತಿದ್ದರಿಂದ ನನಗೆ ನಡುವೆ ಬಾಯಿ ಹಾಕಲು ಆಗಲಿಲ್ಲ. ಮೈ ಒರೆಸಿಕೊಂಡು ಬರುವಷ್ಟರಲ್ಲಿ ತೀರ್ಮಾನವಾಗಿತ್ತು.

ಕರಪತ್ರದಲ್ಲಿ "ಹದಿಹರೆಯದವರಿಗೆ ಮಾನವಿಕ ವಿಷಯಗಳು ಮತ್ತು ರಂಗಕಲೆಗಳ ಬೇಸಿಗೆ ಶಿಬಿರ" ಎಂದಿತ್ತು. ರಂಗಕಲೆ ನನಗೆ ಗೊತ್ತು. ಅದರ ಸೊಳ್ಳೆಗಳೂ ಗೊತ್ತು. ಮಾನವಿಕ ಎಂದರೇನೆಂದು ಗೊತ್ತಾಗಲಿಲ್ಲ. ಅದನ್ನು ತಿಳಿಸಿಕೊಟ್ಟವರು ಇಕ್ಬಾಲ್ ಸಾಹೇಬರು. ಶಿವಾಜಿನಗರದಲ್ಲಿ ಅವರದು ಬಟ್ಟೆ ಅಂಗಡಿ. ಮಗಳು ನಾಜ್ನೀನ್ ಅದೇ ಶಿಬಿರದಲ್ಲಿದ್ದಳು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ನಾವಿಬ್ಬರೂ ಆ ಹಳೇ ಬಂಗಲೆಯ ಕಾಂಪೌಂಡಿನಲ್ಲಿ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿರುತ್ತಿದ್ದೆವು.

"ಮಾನವಿಕ ಅಂದ್ರೆ ಏನ್ ಸಾಹೇಬ್ರೇ?" ಎಂದು ಕೇಳಿದೆ.

"ಸಿಂಪಲ್ ಸಾರ್. ಇಂಜಿನಿಯರಿಂಗ್ ಸೀಟ್ ಸಿಗೋಕೆ ಯಾವುದು ಉಪಯೋಗ ಇಲ್ವೋ ಅದು."

"ಮತ್ತೆ ನೀವ್ಯಾಕೆ ಸೇರಿಸಿದ್ರಿ?"

"ಅರೆ, ನಮ್ಮ ನಾಜ್ನೀನ್ ಮನೇಲಿ ರೇಡಿಯೋ ಇದ್ದಂಗೆ. ಆಫ್ ಮಾಡೋ ಬಟನ್ನೇ ಇಲ್ಲ. ದಿನಾ ಇಷ್ಟೊತ್ತು ಬೇರೆಯವರ ಕಿವಿಗೆ ಬೀಳಲಿ ಅಂತ ಸೇರಿಸ್ದೆ, ಅಷ್ಟೇ. ನಿಮ್ಮದು?"

"ನಮ್ಮ ಹುಡುಗಿ ಮಾತೇ ಆಡಲ್ಲ."

ಇಕ್ಬಾಲ್ ಸಾಹೇಬರು ನನ್ನನ್ನು ಅಸೂಯೆಯಿಂದ ನೋಡಿದರು. "ಏನು ಮಾಡ್ತೀರಿ ಸಾರ್ ಅದಕ್ಕೆ? ಹೇಳಿ, ನಾನೂ ಮಾಡ್ತೀನಿ" ಎಂದರು.

ಶಿಬಿರ ನಡೆಸುತ್ತಿದ್ದವರು ಮಾಲಿನಿ ಮೇಡಂ. ಕಾಟನ್ ಸೀರೆ, ಹೆಗಲಿಗೆ ಜೋಳಿಗೆ, ಯಾವಾಗಲೂ ಚಪ್ಪಲಿ ಬಿಚ್ಚಿ ನೆಲದ ಮೇಲೆ ಕೂತಿರುವವರು. ಬೆಳಿಗ್ಗೆ ಇತಿಹಾಸವೆಂದು ಮಕ್ಕಳನ್ನು ಹಲಸೂರಿನ ಬೀದಿಗಳಲ್ಲಿ ಅಲೆದಾಡಿಸಿ, ಹಳೆಯ ಅಂಗಡಿಗಳ ಮುಂದೆ ಕೂತ ಮುದುಕರನ್ನು ಮಾತಾಡಿಸಿಕೊಂಡು ಬನ್ನಿ ಎಂದು ಕಳಿಸುತ್ತಿದ್ದರು. ಮಧ್ಯಾಹ್ನ ತತ್ತ್ವಶಾಸ್ತ್ರ. ಸಂಜೆ ನಾಟಕ. ತತ್ತ್ವಶಾಸ್ತ್ರ ನಡೆದ ಮೊದಲ ದಿನ ರಾತ್ರಿ ಊಟಕ್ಕೆ ಕೂತಾಗ ಅಶ್ವಿನಿ, "ಅಪ್ಪಾ, ನೀನು ಯಾರು?" ಎಂದಳು.

"ಸೀನಿಯರ್ ಅಸಿಸ್ಟೆಂಟ್" ಎಂದೆ.

"ಅದಲ್ಲ. ಕೆಲಸ, ಹೆಸರು ಎಲ್ಲಾ ಬಿಟ್ಟು, ನೀನು ಯಾರು?"

ನಾನು ಬಹಳ ಯೋಚಿಸಿ, "ಸೀನಿಯರ್ ಅಸಿಸ್ಟೆಂಟ್, ಸ್ಟೋರ್ಸ್" ಎಂದೆ. ವಸಂತಾ ಸಾರು ಬಡಿಸುತ್ತಾ, "ಇವರನ್ನ ಹಂಗೆಲ್ಲಾ ಕೇಳಬೇಡ, ಇನ್‌ಕ್ರಿಮೆಂಟ್ ಯೋಚನೇಲಿದಾರೆ" ಎಂದಳು. ಅಶ್ವಿನಿ ನಕ್ಕಳು. ಅವಳು ಊಟದ ಹೊತ್ತಿನಲ್ಲಿ ನಕ್ಕು ಬಹಳ ದಿನವಾಗಿತ್ತು. ಶಿಬಿರದ ಮೇಲೆ ನನಗೆ ಗೌರವ ಬಂದದ್ದು ಆಗಲೇ.

ಗೌರವ ಬಂದ ಮೇಲೆ ಸುಮ್ಮನಿರುವ ಮನುಷ್ಯನೇ ನಾನು? ಕೊನೆಯ ದಿನ ಮಕ್ಕಳು ತಂದೆತಾಯಿಗಳ ಮುಂದೆ ಪ್ರದರ್ಶನ ಕೊಡುತ್ತಾರೆಂದು ತಿಳಿದ ಮರುಸಂಜೆಯೇ ಮೇಡಂ ಹತ್ತಿರ ಹೋಗಿ ನನ್ನ ರಂಗಾನುಭವ ವಿವರಿಸಿದೆ. ಮರಿಯಪ್ಪನ ವಿಷಯ ಬಿಟ್ಟು ಮಿಕ್ಕದ್ದೆಲ್ಲ ಹೇಳಿದೆ. "ಸ್ಕ್ರಿಪ್ಟ್ ಒಂದು ಕಾಪಿ ಕೊಟ್ಟುಬಿಡಿ ಮೇಡಂ, ಪ್ರಾಂಪ್ಟಿಂಗ್ ನಾನು ನೋಡ್ಕೋತೀನಿ" ಎಂದೆ.

"ಸ್ಕ್ರಿಪ್ಟ್ ಇಲ್ಲ ಸರ್" ಎಂದರು ಮೇಡಂ.

"ಇನ್ನೂ ಟೈಪ್ ಆಗಿಲ್ವಾ?"

"ಇಲ್ಲವೇ ಇಲ್ಲ ಸರ್. ಮಕ್ಕಳು ತಾವೇ ಕಟ್ಟಿಕೊಂಡು ಆಡ್ತಾರೆ."

"ಮಧ್ಯ ಮಾತು ಮರೆತುಹೋದ್ರೆ?"

"ಮರೆತರೆ ಸುಮ್ಮನೆ ನಿಂತಿರ್ತಾರೆ. ಅದೂ ನಾಟಕಾನೇ" ಎಂದು ಮೇಡಂ ನಕ್ಕರು.

ನನಗೆ ಕಾಲ ಕೆಳಗಿನ ನೆಲ ಅಲ್ಲಾಡಿತು. ಪುಸ್ತಕವಿಲ್ಲದ ನಾಟಕ! ನಮ್ಮ ಸಂಘದಲ್ಲಿ ಪುಸ್ತಕವಿದ್ದೂ ನಾಟಕ ಕೈಗೆ ಸಿಗುತ್ತಿರಲಿಲ್ಲ. ನನ್ನ ಮುಖ ನೋಡಿ ಮೇಡಂಗೆ ಅಯ್ಯೋ ಎನ್ನಿಸಿರಬೇಕು. "ಹಾಗಾದ್ರೆ ನೀವು ಪರದೆ ಎಳೀರಿ ಸರ್" ಎಂದರು. ಪರದೆ ಎಳೆಯುವವನ ಜಾಗವೂ ಸೈಡ್ ವಿಂಗೇ. ನಾನು ಕೂಡಲೇ ಒಪ್ಪಿಕೊಂಡೆ.

ವಿಷಯ ತಿಳಿದು ಅಶ್ವಿನಿಯ ಮುಖ ಇಳಿದುಹೋಯಿತು. ಅವಳದು ಒಬ್ಬಳೇ ಮಾಡುವ ಪುಟ್ಟ ನಾಟಕವಂತೆ. ಗುಂಪಿನಲ್ಲಿ ಕೊನೆಗೆ ನಿಲ್ಲುವ ಹುಡುಗಿ ಒಬ್ಬಳೇ ವೇದಿಕೆಗೆ ಹೋಗುತ್ತೇನೆಂದು ಕೈ ಎತ್ತಿದ್ದಳಂತೆ. ನಾನು ವಿಂಗಿನಲ್ಲಿರುತ್ತೇನೆಂದು ಕೇಳಿ, ರೂಮಿನಿಂದ ಬಂದು ನನ್ನ ಎದುರಿಗೆ ಕೂತಳು. "ಅಪ್ಪಾ, ನೀನು ಪರದೆ ಎಳಿ. ಎಷ್ಟು ಬೇಕಾದ್ರೂ ಎಳಿ. ಆದ್ರೆ ಬಾಯಿ ಮಾತ್ರ..." ಎಂದು ನಿಂತಳು.

"ತೆಗೀಬಾರ್ದು" ಎಂದೆ.

"ನೋಡಿದ್ಯಾ!" ಎಂದಳು. ಕಣ್ಣಲ್ಲಿ ನೀರು ಬಂದಿತ್ತು. "ಇದೊಂದು ನನ್ನದು ಅಪ್ಪಾ. ನೀನು ಇದರಲ್ಲೂ ಮಾತಾಡಿದ್ರೆ ನಾನು ಇನ್ನು ಯಾವತ್ತೂ ಸ್ಟೇಜ್ ಹತ್ತಲ್ಲ." ನಾನು ದೇವರ ಪಟದ ಕಡೆ ತಿರುಗಿ ಪ್ರಮಾಣ ಮಾಡಿದೆ. ಮಗಳ ಕಣ್ಣಲ್ಲಿ ನೀರು ನೋಡಿ ನನಗೆ ನಿಜವಾಗಿಯೂ ಸಂಕಟವಾಗಿತ್ತು. ಆ ಹೊತ್ತಿಗೆ ಬಾಯಿಗೆ ಹೊಲಿಗೆ ಹಾಕಿಸಿಕೊಳ್ಳಲೂ ನಾನು ತಯಾರಿದ್ದೆ.

ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಅವಳು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ನಾನು ಪೇಪರ್ ಓದುವ ನೆಪದಲ್ಲಿ ಕುರ್ಚಿಯನ್ನು ಆ ಬಾಗಿಲಿನ ಪಕ್ಕಕ್ಕೆ ಎಳೆದುಕೊಂಡಿದ್ದೆ. ಪ್ರತಿದಿನವೂ ಒಳಗಿಂದ "ನನಗೆ ತುಂಬಾ ಇಷ್ಟ ಇರೋದು..." ಎಂದು ಕೇಳುತ್ತಿತ್ತು. ಆಮೇಲೆ ಸದ್ದಿಲ್ಲ. ಮತ್ತೆ ಮೊದಲಿನಿಂದ, ಮತ್ತೆ ಅಲ್ಲೇ ನಿಲ್ಲುವುದು. ಹುಡುಗಿ ದಿನವೂ ಅದೇ ಜಾಗದಲ್ಲಿ ಮಾತು ಮರೆಯುತ್ತಿದ್ದಾಳೆಂದು ನನಗೆ ಖಾತ್ರಿಯಾಯಿತು. ಅನುಭವಸ್ಥ ಪ್ರಾಂಪ್ಟರಿಗೆ ನಟ ಎಲ್ಲಿ ಎಡವುತ್ತಾನೆಂದು ಮೊದಲೇ ಗೊತ್ತಿರುತ್ತದೆ. ವಸಂತಾಳಿಗೆ ಹೇಳಿದೆ. "ನಿಮಗೆ ಯಾಕ್ರೀ, ಮೇಡಂ ಇದಾರೆ ನೋಡ್ಕೋತಾರೆ, ನೀವು ಹಗ್ಗ ಹಿಡ್ಕೊಂಡು ನಿಂತ್ಕೊಳ್ಳಿ, ಆ ಹಗ್ಗಾನೂ ಬಾಯಿಗೆ ಕಟ್ಟಿಕೊಂಡ್ರೆ ಇನ್ನೂ ಒಳ್ಳೇದು, ಸೊಪ್ಪು ಬಿಡಿಸಿಕೊಡಿ" ಎಂದು ಎಲ್ಲೂ ನಿಲ್ಲಿಸದೆ ಹೇಳಿದಳು.

ಪ್ರದರ್ಶನದ ಸಂಜೆ ಬಂಗಲೆಯ ದೊಡ್ಡ ಹಾಲಿನಲ್ಲಿ ಜನ ತುಂಬಿದ್ದರು. ಮೊದಲು ಹಲಸೂರಿನ ಇತಿಹಾಸದ ರೂಪಕ. ಅದರಲ್ಲಿ ನಾಜ್ನೀನಳದು ಶಾಸನದ ಕಲ್ಲಿನ ಪಾತ್ರ. ಮಿಕ್ಕವರು ಬಂದು ಓದಿಕೊಂಡು ಹೋಗುತ್ತಾರೆ, ಕಲ್ಲು ಸುಮ್ಮನೆ ನಿಂತಿರಬೇಕು. ಇಕ್ಬಾಲ್ ಸಾಹೇಬರು ಮುಂದಿನ ಸಾಲಿನಲ್ಲಿ ಕೂತು ಆ ದೃಶ್ಯವನ್ನು ಕಣ್ತುಂಬ ನೋಡಿ ಆನಂದಪಟ್ಟರು. ಆಮೇಲೆ ನಮ್ಮ ಅಶ್ವಿನಿ. ನಾನು ಪರದೆ ಎಳೆದೆ. ವೇದಿಕೆಯ ಮೇಲೆ ಒಂದು ಕುರ್ಚಿ, ಪಕ್ಕದಲ್ಲಿ ಸ್ಟೂಲಿನ ಮೇಲೆ ಟ್ರೇ, ಅದರಲ್ಲಿ ಕಾಫಿ ಲೋಟಗಳು. ಮನೆಗೆ ನೆಂಟರು ಬಂದಿದ್ದಾರೆ, ಹುಡುಗಿಯನ್ನು ಪ್ರಶ್ನೆ ಕೇಳುತ್ತಿದ್ದಾರೆ. ನೆಂಟರ ಮಾತನ್ನೂ ಅವಳೇ ಆಡುತ್ತಿದ್ದಳು. ನನ್ನ ಅಕ್ಕ ಮೂಗಿನಲ್ಲಿ ಮಾತಾಡುವುದು, ನಮ್ಮ ಮಹಡಿ ಮನೆಯವರು ಹಲ್ಲು ಕಚ್ಚಿಕೊಂಡು ನಗುವುದು, ಎಲ್ಲ ಹಾಗೆಹಾಗೇ. ಇಷ್ಟನ್ನೆಲ್ಲ ಈ ಹುಡುಗಿ ಯಾವಾಗ ಕೇಳಿಸಿಕೊಂಡಳು ಎಂದು ನಾನು ಹಗ್ಗ ಹಿಡಿದುಕೊಂಡು ಬೆರಗಾಗಿ ನಿಂತಿದ್ದೆ. ಕೊನೆಗೆ ಅಕ್ಕನ ದನಿಯಲ್ಲಿ, "ಏನೇ ಹುಡುಗೀ, ನಿನಗೆ ತುಂಬಾ ಇಷ್ಟ ಇರೋದು ಯಾವುದೇ?" ಎಂದಳು. ಕುರ್ಚಿಯಿಂದ ಎದ್ದಳು. ಮುಂದೆ ಬಂದಳು.

"ನನಗೆ ತುಂಬಾ ಇಷ್ಟ ಇರೋದು..."

ನಿಂತಳು. ಹಾಲಿನಲ್ಲಿ ಫ್ಯಾನು ತಿರುಗುವ ಸದ್ದು. ಯಾರೋ ಕೆಮ್ಮಿದರು. ಅವಳು ಬಾಯಿ ಅರ್ಧ ತೆರೆದು ನಿಂತೇ ಇದ್ದಳು. ನಾನು ದೇವರನ್ನು ನೆನೆದೆ, ಪ್ರಮಾಣ ನೆನೆದೆ, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೆ. ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರ ಮುಖ ನೋಡಿದರು. ಅಯ್ಯೋ, ಮರೆತಳು, ಜನರ ಮುಂದೆ ಹುಡುಗಿಯ ಮಾನ ಹೋಗುತ್ತಿದೆ, ಅಪ್ಪನಾದವನು ಇಷ್ಟು ಹತ್ತಿರ ನಿಂತೂ ಸುಮ್ಮನಿದ್ದಾನಲ್ಲ ಎಂದು ಒಂದು ಹೆಜ್ಜೆ ಮುಂದೆ ಬಂದೆ. ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ, ನನ್ನ ನಾಲಿಗೆ.

"ಗಣಿತ!"

ಕೊನೆಯ ಸಾಲಿಗೆ ಕೇಳುವ ಅದೇ ಪಿಸುಮಾತು. ಅಶ್ವಿನಿ ನಿಧಾನವಾಗಿ ವಿಂಗಿನ ಕಡೆ ತಿರುಗಿ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸುವುದು ಬೇಡ. ಆಮೇಲೆ ಅಷ್ಟೇ ನಿಧಾನವಾಗಿ ಜನರ ಕಡೆ ತಿರುಗಿ, "ನೋಡಿದ್ರಲ್ಲಾ?" ಎಂದಳು.

ಹಾಲಿನ ಸೂರೇ ಬಿದ್ದುಹೋಗುವ ಹಾಗೆ ನಗು. ನಿಜ ಏನೆಂದರೆ ಅವಳು ಏನನ್ನೂ ಮರೆತಿರಲಿಲ್ಲ. ಆ ಮೌನ ಅವಳೇ ಅಲ್ಲಿ ಇಟ್ಟದ್ದು. ಮಾತು ಮುಗಿಸಲು ಯಾರೂ ಬಿಡದ ಹುಡುಗಿ, ಒಂದು ಸಲ ತನಗೆ ಬೇಕಾದಷ್ಟು ಹೊತ್ತು ನಿಂತು, ಜನರನ್ನೆಲ್ಲ ಕಾಯಿಸಿ, ಆಮೇಲೆ ತನ್ನ ಮಾತು ತಾನೇ ಹೇಳುವುದು, ಅದೇ ನಾಟಕ. ನಗು ನಿಂತ ಮೇಲೆ ಅವಳು ಹೇಳಿದಳು ಕೂಡ: "ನನಗೆ ತುಂಬಾ ಇಷ್ಟ ಇರೋದು, ಜನ ಮಾತಾಡೋದನ್ನ ಕೇಳಿಸಿಕೊಳ್ಳೋದು. ನಮ್ಮ ಮನೇಲಿ ಅದಕ್ಕೆ ಬೇಕಾದಷ್ಟು ಅವಕಾಶ ಇದೆ." ಮತ್ತೆ ನಗು, ಚಪ್ಪಾಳೆ. ನಾನು ಪರದೆ ಎಳೆಯುವುದನ್ನು ಮರೆತು ನಿಂತಿದ್ದೆ. ಮೇಡಂ ಬಂದು ನನ್ನ ಕೈಯಿಂದ ಹಗ್ಗ ಬಿಡಿಸಿಕೊಂಡರು.

ಮುಖ್ಯ ಅತಿಥಿಗಳಾಗಿ ಬಂದಿದ್ದ ನಿವೃತ್ತ ಪ್ರೊಫೆಸರರು ಭಾಷಣದಲ್ಲಿ, ಯಜಮಾನಿಕೆಯ ದನಿಯನ್ನು ಮುಖವಿಲ್ಲದೆ ತೆರೆಮರೆಯಿಂದ ತಂದದ್ದು ಅದ್ಭುತವಾದ ರಂಗತಂತ್ರವೆಂದು ಕೊಂಡಾಡಿದರು. ಆ ದನಿ ಕೊಟ್ಟ ಕಲಾವಿದರು ವೇದಿಕೆಗೆ ಬರಬೇಕೆಂದರು. ಹೋದೆ. ಚಪ್ಪಾಳೆ ಬಿತ್ತು. ಓದುಗರೇ, ಸುಳ್ಳೇಕೆ ಹೇಳಲಿ, ಕೈಮುಗಿದು ಸ್ವೀಕರಿಸಿದೆ. ಮಗಳು ಎದುರಿಗೇ ನಿಂತು ನೋಡುತ್ತಿದ್ದಳು. ಕೆಳಗಿಳಿದು ಬಂದಾಗ ಇಕ್ಬಾಲ್ ಸಾಹೇಬರು ಪಕ್ಕಕ್ಕೆ ಕರೆದು, "ಸಾರ್, ಅದು ನಾಟಕದಲ್ಲಿ ಇದ್ದಿದ್ದಾ, ಇಲ್ಲ ಹಂಗೇ ಬಂತಾ?" ಎಂದರು.

"ಹಂಗೇ ಬಂತು ಸಾಹೇಬ್ರೇ."

"ಹಂಗಾದ್ರೆ ನಾಳೆ ನಾಡಿದ್ದು ಮನೇಲಿ ಸ್ವಲ್ಪ ಹುಷಾರು" ಎಂದು ಬೆನ್ನು ತಟ್ಟಿದರು.

ಹುಷಾರಾಗಿರುವ ಅಗತ್ಯವೇ ಬೀಳಲಿಲ್ಲ. ಅಶ್ವಿನಿ ಜಗಳವಾಡಲಿಲ್ಲ, ಅಳಲಿಲ್ಲ. ಮಾತು ನಿಲ್ಲಿಸಿದಳು. ಅರ್ಧ ವಾಕ್ಯವೂ ಇಲ್ಲ. ಅರ್ಧ ವಾಕ್ಯವಾದರೂ ಇದ್ದಿದ್ದರೆ ಮಿಕ್ಕ ಅರ್ಧ ನಾನು ನೋಡಿಕೊಳ್ಳುತ್ತಿದ್ದೆ. ನಾನು ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಅವಳಿಗೆ ಇಷ್ಟವಾದ ಬೆಣ್ಣೆ ಬಿಸ್ಕತ್ತು ತಂದೆ. ತಿಂದಳು, ಮಾತಾಡಲಿಲ್ಲ. ಅವಳು ಇನ್ನು ಸ್ಟೇಜ್ ಹತ್ತದಿದ್ದರೆ ಅದಕ್ಕೆ ನಾನೇ ಕಾರಣ ಎಂಬುದು ಊಟ ಮಾಡುವಾಗಲೂ ಸ್ಟೋರ್ಸಿನಲ್ಲಿ ಬೋಲ್ಟು ಎಣಿಸುವಾಗಲೂ ನನ್ನನ್ನು ತಿನ್ನುತ್ತಿತ್ತು.

ಆಗ ಮಾಲಿನಿ ಮೇಡಂ ಫೋನು ಬಂತು. ಮುಂದಿನ ಭಾನುವಾರ ಕಮ್ಮನಹಳ್ಳಿಯ ಒಂದು ಸಭಾಂಗಣದಲ್ಲಿ ಮಕ್ಕಳ ನಾಟಕಗಳನ್ನು ಮತ್ತೆ ಆಡಿಸುತ್ತಾರಂತೆ. ಅಶ್ವಿನಿಯ ನಾಟಕ ಇರಲೇಬೇಕು, ನಾನೂ ಇರಲೇಬೇಕು. ನಾನು ಗಾಬರಿಯಾಗಿ ಫೋನನ್ನು ಮಗಳ ಕೈಗೆ ಕೊಟ್ಟೆ. ಅವಳು ಬಹಳ ಹೊತ್ತು ಕೇಳಿಸಿಕೊಂಡು, "ಸರಿ ಮೇಡಂ, ಅಪ್ಪನೂ ಬರ್ತಾರೆ" ಎಂದು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕೋಪ ಹೋಯ್ತಾ ಪುಟ್ಟಾ?" ಎಂದೆ.

"ಇಲ್ಲ. ನೀನು ಹೇಳಿದ್ದು..." ಎಂದು ನಿಂತಳು. ನಾನು ನಾಲಿಗೆ ಕಚ್ಚಿಕೊಂಡೆ. "ಚೆನ್ನಾಗಿತ್ತು ಅಪ್ಪಾ. ನಾನು ಮಾಡ್ಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಕೋಪ."

ಆ ವಾರವೆಲ್ಲ ರಿಹರ್ಸಲ್. ನನ್ನ ಜೀವನದ ಮೊದಲ ಪಾತ್ರ, ಒಂದೇ ಪದ. ಮಗಳು ನಿರ್ದೇಶಕಿ. "ಬೇಗ ಆಯ್ತು ಅಪ್ಪಾ", "ಇನ್ನೂ ಕಾಯಿ", "ಜನಕ್ಕೆ ಕಸಿವಿಸಿ ಆಗೋವರೆಗೂ ಕಾಯಿ." ಕಾಯುವುದಕ್ಕೇ ರಿಹರ್ಸಲ್ ಬೇಕೆಂದು ಕಾರ್ಖಾನೆಯಲ್ಲಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ನಾನು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಾ "ಗಣಿತ" ಎಂದು ಗಂಭೀರವಾಗಿ, ಆತುರವಾಗಿ, ಮಮತೆಯಿಂದ ಹೇಳಿ ನೋಡುತ್ತಿದ್ದೆ. ವಸಂತಾ, "ನಿಮಗೇ ಮೂರು ಸಲ ಕೈಕೊಟ್ಟ ಸಬ್ಜೆಕ್ಟಿಗೆ ಇಷ್ಟೊಂದು ಪ್ರೀತಿಯಾ" ಎಂದಳು.

ಕಮ್ಮನಹಳ್ಳಿಯಲ್ಲಿ ಪರದೆಗೆ ಬೇರೆಯವರಿದ್ದರು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕಾಣಿಸದ ಪಾತ್ರವಾದರೂ ಮುಖಕ್ಕೆ ಸ್ವಲ್ಪ ಪೌಡರು ಹಚ್ಚಿಕೊಂಡು ವಿಂಗಿನಲ್ಲಿ ನಿಂತೆ. ನೆಂಟರು ಬಂದರು, ಅಕ್ಕ ಮೂಗಿನಲ್ಲಿ ಮಾತಾಡಿದಳು, ಪ್ರಶ್ನೆ ಬಂತು. ಅಶ್ವಿನಿ ಎದ್ದು ಮುಂದೆ ಬಂದಳು. "ನನಗೆ ತುಂಬಾ ಇಷ್ಟ ಇರೋದು..." ನಿಂತಳು.

ಪ್ರಾಂಪ್ಟರು ನಟನ ಮುಖ ನೋಡುವುದಿಲ್ಲ, ಅವನ ಕಣ್ಣು ಪುಸ್ತಕದ ಮೇಲಿರುತ್ತದೆ. ಆವತ್ತು ಕೈಯಲ್ಲಿ ಪುಸ್ತಕವೂ ಇಲ್ಲ, ಹಗ್ಗವೂ ಇಲ್ಲ. ಹಾಗಾಗಿ ನೋಡಿದೆ. ಹುಡುಗಿಯ ಮುಖದಲ್ಲಿ ಹೆದರಿಕೆ ಹುಡುಕಿದರೂ ಇರಲಿಲ್ಲ. ಅಷ್ಟು ಜನರನ್ನು ಸುಮ್ಮನೆ ಕೂರಿಸಿಕೊಂಡು, ಅವರ ಕಾಯುವಿಕೆಯನ್ನು ಆರಾಮಾಗಿ ಅನುಭವಿಸುತ್ತಾ ನಿಂತಿದ್ದಳು. ಬಾಯಿ ಅರ್ಧ ತೆರೆದಿತ್ತು, ಕಣ್ಣುಗಳು ನಗುತ್ತಿದ್ದವು. ಮನೆಯಲ್ಲಿ ದಿನವೂ ಇದೇ ಬಾಯಿ ಅರ್ಧ ತೆರೆಯುತ್ತಿತ್ತಲ್ಲ, ಆಗೆಲ್ಲ ಇವಳು ಹೀಗೇ ಕಾಣುತ್ತಿದ್ದಳೇ, ನಾನು ಒಮ್ಮೆಯೂ ನೋಡಲಿಲ್ಲವೇ ಎಂದುಕೊಂಡು ನೋಡುತ್ತಲೇ ನಿಂತೆ. ಎಷ್ಟು ಹೊತ್ತು ನೋಡಿದೆನೋ. ಮೌನ ಬೆಳೆಯಿತು. ಜನಕ್ಕೆ ಕಸಿವಿಸಿ ಆಯಿತು. ಕಸಿವಿಸಿ ಮುಗಿದು ಗುಸುಗುಸು ಶುರುವಾಯಿತು. ಅಶ್ವಿನಿ ತಲೆಯನ್ನು ಸ್ವಲ್ಪವೇ ನನ್ನ ಕಡೆ ತಿರುಗಿಸಿ, ಕೊನೆಯ ಸಾಲಿಗೆ ಕೇಳುವ ಪಿಸುಮಾತಿನಲ್ಲಿ, "ಗಣಿತ" ಎಂದಳು.

ಬೆನ್ಸನ್ ಟೌನಿನ ನಗು ಇದರ ಮುಂದೆ ಏನೂ ಅಲ್ಲ. ನನಗೆ ನಗು ಬರಲಿಲ್ಲ, ಉರಿದುಹೋಯಿತು. ನನಗೆ ಗೊತ್ತಿತ್ತು! ನಾನು ಮರೆತಿರಲಿಲ್ಲ! ಹೇಳುವವನೇ ಇದ್ದೆ, ಅಷ್ಟರಲ್ಲಿ ಇವಳಿಗೇನು ಅವಸರ? ವಿಂಗಿನಲ್ಲಿ ಒಬ್ಬನೇ ನಿಂತು ಹೀಗೆಲ್ಲ ಹಲ್ಲು ಕಡಿಯುತ್ತಿದ್ದವನಿಗೆ, ತಾನು ಯಾರ ಮಾತು ಆಡುತ್ತಿದ್ದೇನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಅಲ್ಲೇ ಇದ್ದ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಆ ಚಪ್ಪಾಳೆ ಪೂರ್ತಿ ಅವಳದು.

ಮನೆಗೆ ಹೊರಟೆವು. ವಸಂತಾ ತನ್ನ ತಂಗಿಯ ಜೊತೆ ಆಟೋದಲ್ಲಿ ಮುಂದೆ ಹೋಗಿದ್ದಳು. ಸ್ಕೂಟರಿನಲ್ಲಿ ನಾನು, ಹಿಂದೆ ಅಶ್ವಿನಿ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆಫ್ ಮಾಡಿ ನಿಂತೆ. ಸಂಜೆ ಇನ್ನೂ ಬೆಳಕಿತ್ತು. ಹಿಂದಿನಿಂದ ಅಶ್ವಿನಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಅಪ್ಪಾ, ಇವತ್ತು ನೀನು ಸುಮ್ಮನೆ ನಿಂತಿದ್ದಾಗ ನನಗೆ..." ಎಂದು ನಿಲ್ಲಿಸಿದಳು. ಭಯ ಆಯ್ತು, ಖುಷಿ ಆಯ್ತು, ನಗು ಬಂತು, ಪಾಪ ಅನ್ನಿಸ್ತು, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತವು. ಒಂದನ್ನೂ ಬಿಡಲಿಲ್ಲ. ಹಲ್ಲು ಕಚ್ಚಿ, ಹ್ಯಾಂಡಲ್ ಬಿಗಿಯಾಗಿ ಹಿಡಿದು ಕಾದೆ. ಗೂಡ್ಸ್ ಗಾಡಿ ಬಂತು, ಮುಗಿಯದೆ ಹೋಗುತ್ತಲೇ ಇತ್ತು, ಕೊನೆಗೆ ಮುಗಿಯಿತು. ಗೇಟು ಎದ್ದಿತು. ಹಿಂದಿನ ಲಾರಿಯವನು ಹಾರನ್ ಒತ್ತಿದ. ಸ್ಕೂಟರ್ ಒದ್ದು ಶುರು ಮಾಡಿದೆ, ಮನೆಗೆ ಬಂದೆವು. ಅವಳು ಆ ವಾಕ್ಯ ಮುಗಿಸಲೇ ಇಲ್ಲ.

ಅಶ್ವಿನಿ ಈಗ ಮಕ್ಕಳಿಗೆ ನಾಟಕ ಕಲಿಸುತ್ತಾಳೆ, ಅವಳೇ ಬೇಸಿಗೆ ಶಿಬಿರ ನಡೆಸುತ್ತಾಳೆ. ನನ್ನನ್ನು ಪರದೆಯ ಹತ್ತಿರ ಬಿಡುವುದಿಲ್ಲ. ಮೊನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಪುಟ್ಟಾ, ಅವತ್ತು ಗೇಟ್ ಹತ್ತಿರ ಏನೋ ಹೇಳೋಕೆ ಹೋಗಿ ನಿಲ್ಲಿಸಿದ್ಯಲ್ಲ, ಏನದು?" ಅವಳು ತನ್ನ ಅಭ್ಯಾಸದಂತೆ ನಿಧಾನವಾಗಿ ಯೋಚಿಸಿದಳು. ನಾನು ಕಾದೆ, ಈಗ ಕಾಯುವುದು ಬರುತ್ತದೆ. "ನೆನಪೇ ಇಲ್ಲಪ್ಪಾ" ಎಂದಳು. "ನೀನೇ ಏನಾದ್ರೂ ಹಾಕ್ಕೋ." ಇಷ್ಟು ವರ್ಷಗಳಲ್ಲಿ ಅವಳಾಗಿಯೇ ಬಾಯಿಬಿಟ್ಟು ಅನುಮತಿ ಕೊಟ್ಟದ್ದು ಇದೊಂದೇ ಸಲ. ಅವತ್ತಿನಿಂದ ಪ್ರಯತ್ನ ಮಾಡುತ್ತಲೇ ಇದ್ದೇನೆ, ಒಂದು ಪದವೂ ಬಾಯಿಗೆ ಬರುತ್ತಿಲ್ಲ.